ಅಡ್ಡಗಾಲಿನ ಸ್ಟೂಲು

ಸಮುದ್ರಕ್ಕೆ ಹೊರಡುವ ಮೊದಲು ಒಬ್ಬರು ಕೂತು ‘ಬೇಡ’ ಅನ್ನಲೇಬೇಕು. ಅದು ಆ ಗುಂಪಿನ ಕಟ್ಟಳೆ. ಹಾಗೆ ಅನ್ನುವವರಿಗೆ ಅವರು ಇಟ್ಟ ಹೆಸರು ‘ಅಡ್ಡಗಾಲು’. ಅಡ್ಡಗಾಲಾದವರು ಆ ಸಲ ಪ್ರವಾಸಕ್ಕೆ ಹೋಗುವವರಾಗಿರಬಾರದು. ಹೋಗುವ ಆಸೆ ಇಟ್ಟುಕೊಂಡವರ ಬಾಯಲ್ಲಿ ಬೇಡ ಎನ್ನುವ ಮಾತು ಗಟ್ಟಿಯಾಗಿ ಎಲ್ಲಿ ಬಂದೀತು? ಅಡ್ಡಗಾಲು ಒಂದೊಂದೇ ತೊಡಕು ಎತ್ತಬೇಕು, ಉಳಿದವರು ಒಂದೊಂದಕ್ಕೂ ಉಪಾಯ ಹೇಳಬೇಕು. ತೊಡಕು ನಿಜವೇ ಆಗಿರಬೇಕೆಂದಿಲ್ಲ, ಹುಟ್ಟಿಸಿಯೂ ಹೇಳಬಹುದು. ಬಿರುಗಾಳಿ ಎನ್ನಬಹುದು, ತಿಮಿಂಗಿಲ ಎನ್ನಬಹುದು, ನಡುನೀರಿನಲ್ಲಿ ಜೊತೆಯವರೊಬ್ಬರಿಗೆ ಹುಚ್ಚು ಹಿಡಿಯಿತು ಎಂದರೂ ಯಾರೂ ಮುಖ ಊದಿಸಿಕೊಳ್ಳುವಂತಿಲ್ಲ. ಒಂದೇ ಒಂದು ತೊಡಕಿಗೆ ಉಪಾಯ ಸಿಗದಿದ್ದರೂ ಪ್ರವಾಸ ರದ್ದು. ಆದರೆ ಇಷ್ಟು ವರ್ಷದಲ್ಲಿ ಅದು ರದ್ದಾದದ್ದೇ ಇಲ್ಲ. ಉಪಾಯ ಹುಡುಕುವುದರಲ್ಲಿ ಅವರೆಲ್ಲ ಅಷ್ಟು ಪಳಗಿಬಿಟ್ಟಿದ್ದರು.

ಈ ಸಲ ಸ್ಟೂಲಿನ ಮೇಲೆ ಕೂತವಳು ಅಕ್ಕ.

ಅವಳು ಗುಂಪಿನ ಮುಖಂಡನಿಗೆ ಒಡಹುಟ್ಟಿದ ಅಕ್ಕ. ಮಿಕ್ಕವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಟಾರ್ಪಾಲು, ಡೇರೆ, ಲಾರಿ ಹೊದಿಕೆ ಹೊಲಿಯುವ ಅಂಗಡಿ ಅವಳದು. ದಪ್ಪ ಸೂಜಿಯ ಹಳೇ ಮಷೀನು, ಮೇಣ ಸವರಿದ ದಾರದ ಉಂಡೆಗಳು, ಗೋಡೆಗೆ ಒರಗಿಸಿದ ಕ್ಯಾನ್ವಾಸ್ ಸುರುಳಿಗಳು, ಮೂಗಿಗೆ ಅಡರುವ ಅಂಟಿನ ವಾಸನೆ. ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಆ ಮೇಜಿನ ಮೇಲೆ ಕರಾವಳಿಯ ನಕ್ಷೆ ಪೂರ್ತಿ ಹಾಸಬಹುದು ಎನ್ನುವ ಒಂದೇ ಕಾರಣಕ್ಕೆ ಗುಂಪು ವರ್ಷವೂ ಅಲ್ಲೇ ಸೇರುತ್ತಿತ್ತು. ಸ್ಟೂಲು ಕೂಡ ಅಂಗಡಿಯದೇ, ಒಂದು ಕಾಲು ಗಿಡ್ಡ. ಕೂತವರು ಅಲ್ಲಾಡುತ್ತಲೇ ಇರಬೇಕು.

ಹೋಗುವವರು ನಾಲ್ಕು ಜನ. ಕರೆಂಟ್ ಕಚೇರಿಯಲ್ಲಿ ಲೈನ್‌ಮ್ಯಾನ್ ಆಗಿದ್ದ ತಮ್ಮ, ಅದೇ ಕಚೇರಿಯಲ್ಲಿ ಅವನ ಮೇಲಿನ ಸೂಪರ್‌ವೈಸರ್, ಹಲ್ಲಿನ ಡಾಕ್ಟರಮ್ಮ, ಮತ್ತೆ ಬೇಕರಿಯ ಬನ್ನು. ಬನ್ನು ಅವನ ಹೆಸರಲ್ಲ, ಉಬ್ಬಿದ ಕೆನ್ನೆ ನೋಡಿ ಇಟ್ಟದ್ದು. ಹಿಟ್ಟು ನಾದಿ ನಾದಿ ತೋಳೆರಡೂ ಒನಕೆಯಂತಾಗಿದ್ದವು, ಮನಸ್ಸು ಮಾತ್ರ ಬೆಣ್ಣೆ. ಒಬ್ಬೊಬ್ಬರಿಗೆ ಒಂದೊಂದು ಕಯಾಕ್. ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ ಅದು. ಕಡಿದಾದ ಬಂಡೆಯ ಕರಾವಳಿ ಬಳಸಿ ಹೋಗಿ, ಆಚೆಯ ಕಲ್ಲುದಂಡೆಯಲ್ಲಿ ಡೇರೆ ಹಾಕಿ, ಮರುದಿನ ವಾಪಸು. ಈ ದಂಡೆಗೂ ಆ ದಂಡೆಗೂ ನಡುವೆ ಇರುವುದು ಬರೀ ಬಂಡೆ. ಕಾಲೂರಲು ಅಂಗೈಯಗಲ ಜಾಗ ಇಲ್ಲ. ಅವರು ಅದನ್ನು ‘ಗೋಡೆ’ ಎನ್ನುತ್ತಿದ್ದರು.

ಹಿಂದಿನ ತಿಂಗಳು ಅಕ್ಕನ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ತಮ್ಮ ಅರ್ಧದಲ್ಲೇ ಕುಸಿದು ಕೂತಿದ್ದ. ಬಲಭುಜ ಕೀಲಿನಿಂದ ಕಳಚಿಕೊಂಡಿತ್ತು. ಮುಖ ಸುಣ್ಣದ ಹಾಗಾಗಿ, ಹಲ್ಲು ಕಚ್ಚಿ, ಅವಳ ಕೈಯಿಂದಲೇ ಎಳೆಸಿ ಕೂರಿಸಿಕೊಂಡ. ಮೂಳೆ ಒಳಗೆ ಜಾರಿ ಕೂತದ್ದು ಅವಳ ಅಂಗೈಗೇ ತಿಳಿದಿತ್ತು. ಅದು ಮೊದಲ ಸಲವಲ್ಲ ಎಂದು ಅವನೇ ಬಾಯಿ ಬಿಟ್ಟ. ಬಿಟ್ಟವನು ಕೂಡಲೇ ಯಾರಿಗೂ ಹೇಳಕೂಡದೆಂದು ಆಣೆಯನ್ನೂ ಹಾಕಿಸಿಕೊಂಡ.

“ಸೂಪರ್‌ವೈಸರ್ ಕಿವಿಗೆ ಬಿದ್ರೆ ನನ್ನ ಕಂಬದಿಂದ ಇಳಿಸಿ ಮೂಲೇಲಿ ಕೂರಿಸ್ತಾರಕ್ಕ. ಕಂಬ ಹತ್ತದ ಲೈನ್‌ಮ್ಯಾನ್ ಇದ್ದರೆಷ್ಟು ಬಿಟ್ಟರೆಷ್ಟು.”

“ಹಾಗಿದ್ರೆ ಸಮುದ್ರಕ್ಕೆ ಹೋಗ್ಬೇಡ.”

“ಹೋಗಲ್ಲ ಅಂದ್ರೆ ಯಾಕೆ ಅಂತ ಕೇಳಲ್ವಾ? ಪ್ರತಿ ವರ್ಷ ಮುಂದೆ ನಿಂತು ಕರ್ಕೊಂಡು ಹೋಗೋನು ನಾನು.”

ಅಪ್ಪ ಅಮ್ಮ ಹೋದ ಮೇಲೆ ಕೂಸುಮರಿ ಮಾಡಿ ಬೆಳೆಸಿದ ತಮ್ಮ. ಬೈದಳು, ಅತ್ತಳು, ಕೊನೆಗೆ ಬಾಯಿಗೆ ಬೀಗ ಹಾಕಿಕೊಂಡಳು. ಅಡ್ಡಗಾಲಾಗುವಂತೆ ಗುಂಪು ಕೇಳಿದಾಗ ಮಾತ್ರ ಅವಳಿಗೊಂದು ದಾರಿ ಹೊಳೆಯಿತು. ಸ್ಟೂಲಿನ ಮೇಲೆ ಕೂತು ಆಡಿದ ಮಾತು ಆಣೆಗೆ ಒಳಪಡುವುದಿಲ್ಲವಲ್ಲ! ಉಪಾಯವೇ ಇಲ್ಲದ ತೊಡಕು ಒಡ್ಡಿದರೆ ಪ್ರವಾಸ ನಿಲ್ಲುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪಾಪ, ಹಾಗಂದುಕೊಂಡಳು.

ರಜೆಯ ದಿನ ಮಧ್ಯಾಹ್ನ ಎಲ್ಲರೂ ಸೇರಿದರು. ನಕ್ಷೆಯ ನಾಲ್ಕು ಮೂಲೆಗೆ ಕತ್ತರಿ, ಇಕ್ಕಳ, ದಾರದುಂಡೆ, ಬನ್ನು ತಂದ ಕ್ರೀಮ್ ಬನ್ನಿನ ಡಬ್ಬಿ ಇಟ್ಟರು. ಅತ್ಯುತ್ತಮ ಅಡ್ಡಗಾಲಿಗೆ ಅದೇ ಬಹುಮಾನ.

“ಗಾಳಿ ಎದ್ರೆ?” ಅಕ್ಕ ಶುರು ಮಾಡಿದಳು.

“ಬೆಳಗ್ಗೆ ದಡದಲ್ಲಿ ಅಲೆ ಬೆಳ್ಳಗೆ ನೊರೆ ಕಟ್ಟಿದ್ರೆ ದೋಣಿ ಇಳಿಸೋದೇ ಇಲ್ಲ,” ಎಂದರು ಡಾಕ್ಟರಮ್ಮ.

“ಕಲ್ಲಲ್ಲಿ ಡೇರೆ ಗೂಟ ನಾಟಲ್ಲ.”

“ನೀವೇ ಕುಣಿಕೆ ಹೊಲಿದು ಕೊಟ್ಟಿದೀರಲ್ಲಕ್ಕ, ಬಂಡೆಗೆ ಬಿಗಿಯೋದು,” ಎಂದ ಬನ್ನು.

“ಕುಡಿಯೋ ನೀರು ಚೆಲ್ಲಿಹೋದ್ರೆ?”

“ಇಬ್ಬರ ದೋಣೀಲಿ ಹಂಚಿ ಇಟ್ಕೊಂಡಿರ್ತೀವಿ,” ಎಂದ ತಮ್ಮ.

“ಬನ್ನು ಗೊರಕೆಗೆ ಬಂಡೆ ಉರುಳಿದ್ರೆ?” ಎಂದು ಸೂಪರ್‌ವೈಸರ್ ನಡುವೆ ಬಾಯಿ ಹಾಕಿದರು. ಬನ್ನು ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ. ತಮ್ಮನೂ ನಕ್ಕ. ಅಕ್ಕನಿಗೆ ಮೈ ಉರಿಯಿತು. ಎತ್ತಿದ ತೊಡಕನ್ನೆಲ್ಲ ಇವರು ಶೇಂಗಾ ಸುಲಿದ ಹಾಗೆ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವಳು ಸ್ಟೂಲನ್ನು ಅತ್ತಿತ್ತ ಸರಿಸಿ, ಎರಡೂ ಕೈ ಮೇಜಿನ ಮೇಲೆ ಊರಿದಳು.

“ಗೋಡೆ ನಡುವೆ ಇವನ ಭುಜ ಕಳಚಿಕೊಳ್ತು. ಬಲಭುಜ. ಹುಟ್ಟು ಹಾಕೋಕಾಗಲ್ಲ, ದಡಕ್ಕೆ ಹತ್ತೋಕೆ ಜಾಗ ಇಲ್ಲ. ಆಗೇನ್ ಮಾಡ್ತೀರಿ?”

ತಮ್ಮನ ಕಿವಿ ಕೆಂಪಾದದ್ದು ಅವಳೊಬ್ಬಳಿಗೇ ಕಂಡಿತು. ಅಷ್ಟರಲ್ಲಿ ಬನ್ನು ಚಪ್ಪಾಳೆ ತಟ್ಟಿಬಿಟ್ಟ.

“ಅಬ್ಬಬ್ಬಾ! ಅಡ್ಡಗಾಲು ಅಂದ್ರೆ ಇದಪ್ಪ! ಸೀದಾ ನಾಯಕನ ಕೈಗೇ ಕೈ ಹಾಕಿದ್ರಲ್ಲಕ್ಕ!”

“ಹೌದು, ಇದನ್ನ ನಾವ್ಯಾರೂ ಯೋಚ್ನೆ ಮಾಡಿರ್ಲಿಲ್ಲ,” ಎಂದರು ಡಾಕ್ಟರಮ್ಮ.

ತಮ್ಮ ನಕ್ಕ. “ಸರಿ, ಕಳಚಿಕೊಳ್ತು ಅಂತಾನೇ ಇಟ್ಕೊಳ್ಳೋಣ. ನನ್ನ ಯಾರು ಎಳ್ಕೊಂಡು ಹೋಗ್ತೀರಿ?”

“ಇಟ್ಕೊಳ್ಳೋದು ಗಿಟ್ಕೊಳ್ಳೋದು ಬೇಡ,” ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. “ಎತ್ತು ಕೈಯ್ಯ, ನೋಡೋಣ.”

ಅವನು ಎಡಗೈ ಎತ್ತಿ ಬೀಸಿದ. ಎಲ್ಲರೂ ಗೊಳ್ಳೆಂದು ನಕ್ಕರು.

“ಬಲಗೈ ಎತ್ತೋ.”

“ಅಲ್ಲಕ್ಕಾ,” ಸೂಪರ್‌ವೈಸರ್ ಕಣ್ಣೊರೆಸಿಕೊಂಡರು, “ಕಳಚಿಕೊಂಡಿರೋ ಕೈ ಪಾಪ ಹೇಗೆ ಎತ್ತಾನೆ?”

ನಗು ಮತ್ತೆ ಉಕ್ಕಿತು. ‘ಆಟಕ್ಕೆ ಹೇಳ್ತಿಲ್ಲ, ಸತ್ಯವಾಗ್ಲೂ’ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ತಮ್ಮ ಅವಳತ್ತ ನೋಡಿ ಕಂಡೂ ಕಾಣದಷ್ಟು ತಲೆಯಾಡಿಸಿದ. ಚಿಕ್ಕಂದಿನಲ್ಲಿ ಏಟು ತಪ್ಪಿಸೆಂದು ಅವಳ ಬೆನ್ನ ಹಿಂದೆ ಅಡಗಿ ನೋಡುತ್ತಿದ್ದನಲ್ಲ, ಅದೇ ನೋಟ. ಅವಳು ಮಾತನ್ನು ಎಂಜಲಿನ ಜೊತೆ ನುಂಗಿದಳು.

“ನಾನಿದೀನಿ ಬಿಡಿ,” ಎಂದು ಬನ್ನು ತೋಳು ತಟ್ಟಿಕೊಂಡ. “ಮೂಟೆ ಮೈದಾ ಎಳೆಯೋನಿಗೆ ಇವ್ರೊಬ್ರು ಭಾರಾನಾ? ಸೊಂಟಕ್ಕೆ ಎಳೆಹಗ್ಗದ ಪಟ್ಟಿ ಕಟ್ಕೊಂಡು, ಕೊಕ್ಕೆ ಅವರ ದೋಣಿ ಮೂತಿಗೆ ಹಾಕಿ, ಸುಮ್ನೆ ಎಳ್ಕೊಂಡು ಹೋಗ್ತಾ ಇರ್ತೀನಿ.”

“ಎಳೆಯೋನೇ ಮಗುಚಿಕೊಂಡ್ರೆ?” ಅಕ್ಕ ಬಿಡಲಿಲ್ಲ.

“ಪಟ್ಟೀಲಿ ಕೆಂಪು ತುಂಡು ಹೊಲಿದಿದೀರಲ್ಲ, ಅದನ್ನ ಜಗ್ಗಿದ್ರೆ ಬಕಲ್ ಬಿಚ್ಕೊಂಡು ಹಗ್ಗ ದೂರ ಹೋಗುತ್ತೆ. ನಿಮ್ ಕೈಯಲ್ಲೇ ಆಗಿರೋದು, ನಿಮಗೇ ನಂಬಿಕೆ ಇಲ್ವಾ?”

“ಜಗ್ಗ್ತೀಯಾ?”

“ಜಗ್ಗ್ತೀನಿ ಬಿಡಕ್ಕ.”

ಅಲ್ಲಿಗೆ ತೊಡಕು ಮುಗಿಯಿತು. ಕ್ರೀಮ್ ಬನ್ನು ಅವಳ ಕೈಗೆ ಬಂತು. ಒಂದು ತುತ್ತು ಕಚ್ಚಿ, ಉಳಿದದ್ದನ್ನು ಡಬ್ಬಿಗೇ ವಾಪಸು ಇಟ್ಟಳು.

ಎಲ್ಲರೂ ಹೋದ ಮೇಲೆ ತಮ್ಮ ಹಿಂದೆ ಉಳಿದ. ಜಗಳಕ್ಕೆ ಸಿದ್ಧಳಾಗಿದ್ದ ಅವಳಿಗೆ ಅವನ ಮುಖ ನೋಡಿ ದಿಗಿಲಾಯಿತು. ಅವನು ನಿಜಕ್ಕೂ ಹಗುರಾಗಿದ್ದ.

“ಒಳ್ಳೇದೇ ಆಯ್ತಕ್ಕ. ಈಗ ಅದಕ್ಕೂ ಉಪಾಯ ಸಿಕ್ತಲ್ಲ. ಇನ್ಯಾಕೆ ಹೆದರ್ತೀಯ?”

“ಬನ್ನು ಅದು ಆಟ ಅಂದ್ಕೊಂಡಿದಾನೆ. ನಿಜ ಅಂತ ಗೊತ್ತಿಲ್ಲ.”

“ಗೊತ್ತಿದ್ರೇನು, ಗೊತ್ತಿಲ್ದಿದ್ರೇನು. ಹಗ್ಗ ಅದೇ ತಾನೆ?”

ಮುಚ್ಚಿಡುವುದೇಕೆ, ಅವಳ ಎದೆಯ ಭಾರವೂ ಒಂದಿಷ್ಟು ಇಳಿದಿತ್ತು. ಎಳೆಯಲು ಜನ ಇದ್ದಾರೆ, ಹಗ್ಗ ಇದೆ ಎಂದು ತನಗೇ ಸಮಾಧಾನ ಹೇಳಿಕೊಂಡು, ಆ ಪಟ್ಟಿಯನ್ನು ಮಷೀನಿಗೆ ಕೊಟ್ಟು ಇನ್ನೊಂದು ಸಾಲು ಹೊಲಿಗೆ ಹಾಕಿದಳು.

ಮುಂದೆ ನಡೆದದ್ದನ್ನು ಅವಳಿಗೆ ಹೇಳಿದವರು ಡಾಕ್ಟರಮ್ಮ. ಗೋಡೆಯ ನಡುಭಾಗದಲ್ಲಿ ತಮ್ಮನ ಭುಜ ಕಳಚಿಕೊಂಡಿತು. ಆಡಿದ ಮಾತು ಆಡಿದ ಹಾಗೇ ಆಯಿತಲ್ಲ ಎಂದು ಎಲ್ಲರೂ ಬೆಚ್ಚಿದರು, ಆದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಬನ್ನು ಕೊಕ್ಕೆ ಸಿಕ್ಕಿಸಿ ಎಳೆಯತೊಡಗಿದ. ದೊಡ್ಡದೊಂದು ಅಲೆ ಬಂಡೆಗೆ ಬಡಿದು ತಿರುಗಿ ಬಂದು ಅವನನ್ನು ಮಗುಚಿ ಹಾಕಿತು. ನೀರಿನಿಂದ ತಲೆ ಎತ್ತಿದ. ಅವನ ದೋಣಿ ಕೈತಪ್ಪಿ ಹೋಗಿತ್ತು, ಸೊಂಟದಲ್ಲಿ ಹಗ್ಗ ಇತ್ತು. ಪಟ್ಟಿ ಬಿಚ್ಚಿದ್ದರೆ ಆಳದ ಕಡೆ ಈಜಿ ಉಳಿಯುತ್ತಿದ್ದ. ಬಿಚ್ಚಿದ್ದರೆ ತಮ್ಮನ ದೋಣಿ ನೆಟ್ಟಗೆ ಬಂಡೆಗೆ ಹೋಗುತ್ತಿತ್ತು. ‘ಜಗ್ಗೋ, ಜಗ್ಗೋ’ ಎಂದು ಸೂಪರ್‌ವೈಸರ್ ಕೂಗಿಕೊಂಡರು. ಅವನು ಜಗ್ಗಲಿಲ್ಲ, ಹಗ್ಗ ಕಟ್ಟಿಕೊಂಡೇ ಈಜಿದ. ಡಾಕ್ಟರಮ್ಮ ಹಿಂದಿನಿಂದ ಬಂದು ತಮ್ಮನ ದೋಣಿ ಹಿಡಿಯುವ ಹೊತ್ತಿಗೆ ಇನ್ನೊಂದು ಅಲೆ ಬನ್ನುವನ್ನು ಎತ್ತಿ ಬಂಡೆಗೆ ಅಪ್ಪಳಿಸಿತ್ತು. ಹಗ್ಗ ಕತ್ತರಿಸಿ ಅವನನ್ನು ಮೇಲೆತ್ತಿಕೊಂಡರು. ಅಷ್ಟರಲ್ಲಿ ಏನೂ ಉಳಿದಿರಲಿಲ್ಲ.

ಬನ್ನುವನ್ನು ಮಣ್ಣು ಮಾಡಿದ ದಿನ ಜನ ಅಕ್ಕನ ಕೈ ಹಿಡಿದು ಹಿಡಿದು ಹೇಳಿದರು: ನೀವು ಅವತ್ತು ಆ ಮಾತು ಎತ್ತದಿದ್ದರೆ ಇಬ್ಬರೂ ಹೋಗುತ್ತಿದ್ದರು. ನಾಲಿಗೆ ಮೇಲೆ ಮಚ್ಚೆ ಇದೆಯೇನಕ್ಕ, ತಮ್ಮನನ್ನು ಉಳಿಸಿಕೊಂಡಿರಿ. ಒಬ್ಬೊಬ್ಬರು ಹೊಗಳಿದಾಗಲೂ ಅವಳಿಗೆ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು. ಭುಜ ಕಳಚಿದ್ದು ಅದೇ ಮೊದಲು ಎಂದೇ ಸೂಪರ್‌ವೈಸರ್ ನಂಬಿದ್ದರು. ಕೈಗೆ ಜೋಳಿಗೆ ಕಟ್ಟಿಕೊಂಡ ತಮ್ಮ ಅವಳ ಮನೆಗೆ ಬಂದು ಗೋಡೆ ನೋಡುತ್ತ ಕೂತ.

“ಇನ್ನು ಹೇಳಿ ಏನು ಬಂತಕ್ಕ. ಹೋದೋನು ವಾಪಸ್ ಬರ್ತಾನಾ?” ಎಂದ. ಆಮೇಲೆ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆ ಸವರಲಿಲ್ಲ. ಹುಟ್ಟಿದಾಗಿನಿಂದ ಅದೇ ಮೊದಲು.

ಬೇಕರಿ ಮತ್ತೆ ತೆರೆದ ದಿನ ಅಕ್ಕ ಅಲ್ಲಿಗೆ ಹೋದಳು. ಬನ್ನುವಿನ ಹೆಂಡತಿ ಗಲ್ಲಾದ ಹಿಂದೆ ನಿಂತು ಬ್ರೆಡ್ ಕತ್ತರಿಸುತ್ತಿದ್ದಳು. ಒಳಗೆ ಒಲೆ ಉರಿಯುತ್ತಿತ್ತು, ಮೈದಾ ಚೀಲದ ಮೇಲೆ ಅವನ ಬಿಳೀ ಟೊಪ್ಪಿ ಹಾಗೇ ಇತ್ತು. ಹೆಂಡತಿ ಚಾಕು ಪಕ್ಕಕ್ಕಿಟ್ಟು, ಕೆಳಗಿನಿಂದ ಎಳೆಹಗ್ಗದ ಪಟ್ಟಿ ತೆಗೆದು ಗಾಜಿನ ಮೇಲೆ ಇಟ್ಟಳು.

“ಅವರ ಸಾಮಾನಿನ ಜೊತೆ ಕೊಟ್ರು. ನಿಮ್ಮ ಹೊಲಿಗೆ ಅಲ್ವಾ? ಒಂದೇ ಒಂದು ಕೇಳ್ಬೇಕಿತ್ತಕ್ಕ. ಈ ಕೆಂಪು ತುಂಡು ಬಿಗಿಯಾಗಿ ಸಿಕ್ಕಿಕೊಂಡಿತ್ತಾ? ಜಗ್ಗೋಕೆ ಬರ್ಲಿಲ್ವಾ?”

ಅಕ್ಕ ಎರಡು ಬೆರಳಲ್ಲಿ ಹಿಡಿದು ಜಗ್ಗಿದಳು. ಬಕಲ್ ಟಕ್ಕೆಂದು ಬಿಚ್ಚಿಕೊಂಡಿತು. ಇಬ್ಬರೂ ಅದನ್ನೇ ನೋಡಿದರು.

“ಹಾಗಾದ್ರೆ ಬೇಕು ಅಂತಾನೇ ಬಿಚ್ಚಲಿಲ್ಲ,” ಎಂದಳು ಹೆಂಡತಿ. “ಅವತ್ತು ನಿಮ್ಮ ಅಂಗಡಿಯಿಂದ ಬಂದೋರು ನಗ್ತಾನೇ ಇದ್ರು. ಅಕ್ಕ ಇವತ್ತು ಎಂಥ ಅಡ್ಡಗಾಲು ಹಾಕಿದ್ರು ಗೊತ್ತೇನೇ, ಕೇಳಿದ್ರೆ ನಿಜ ಅನ್ಬೇಕು, ಕಣ್ಣಲ್ಲಿ ನೀರೂ ಬಂದಿತ್ತು ಅಂದ್ರು.”

“ನಿಜಾನೇ ಆಗಿತ್ತಮ್ಮ,” ಎಂದಳು ಅಕ್ಕ.

ಕತ್ತರಿಸಿದ ಬ್ರೆಡ್ ಚೂರುಗಳು ಒಂದರ ಮೇಲೊಂದು ಒರಗಿದ್ದವು. ಅಕ್ಕ ನಿಲ್ಲಿಸಲಿಲ್ಲ. ಮೆಟ್ಟಿಲು, ಸಿಲಿಂಡರ್, ಅಂಗೈಗೆ ತಿಳಿದ ಮೂಳೆ, ಆಣೆ, ಎಲ್ಲ ಹೇಳಿದಳು. ಆಟದ ಮರೆಯಲ್ಲಿ ನಿಂತು ಹೇಳಿ ಕೈ ತೊಳೆದುಕೊಳ್ಳೋಣ ಅಂದುಕೊಂಡೆ, ಎದ್ದು ನಿಂತು ಹೇಳಲಿಲ್ಲ ಎಂದಳು. ಕ್ಷಮಿಸು ಎನ್ನಲು ಬಾಯಿ ತೆರೆದಳು, ಆ ಮಾತು ಆಡುವ ಮುಖ ತನಗಿಲ್ಲ ಎನಿಸಿತು.

ಹೆಂಡತಿ ಬೈಯಲಿಲ್ಲ, ಕಿರುಚಲಿಲ್ಲ. ಬಾಗಿಲಿಗೆ ಬಂದ ಗಿರಾಕಿಗೆ ಬ್ರೆಡ್ ಕಟ್ಟಿಕೊಟ್ಟು ಕಳಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು:

“ಅವರಿಗೆ ಗೊತ್ತಿದ್ರೂ ಹಗ್ಗ ಕಟ್ಕೋತಿದ್ರು. ಗೊತ್ತಿದ್ರೂ ಬಿಚ್ತಿರ್ಲಿಲ್ಲ. ಅವರ ಜಾಯಮಾನಾನೇ ಅದು. ಆದ್ರೆ ನಾನು ಕಳಿಸ್ತಿರ್ಲಿಲ್ಲ. ನಾನೂ ಹೋಗದೇ ಇರೋಳೇ ತಾನೆ ಅಕ್ಕ? ಆ ಸ್ಟೂಲ್ ಮೇಲೆ ನನ್ನ ಯಾಕೆ ಯಾರೂ ಕೂರಿಸ್ಲಿಲ್ಲ?”

ಆ ಗುಂಪಿನಲ್ಲಿ ಉಪಾಯ ಸಿಗದೆ ಉಳಿದ ಮೊದಲ ಪ್ರಶ್ನೆ ಅದು.

“ನೀವು ಬಂದಿರೋದು ನಿಮ್ಮ ತಮ್ಮನಿಗೆ ಗೊತ್ತಾ?”

“ಇಲ್ಲ.”

“ಹೋಗಿ ಕರ್ಕೊಂಡ್ಬನ್ನಿ. ಸೂಪರ್‌ವೈಸರನ್ನೂ ಕರೀರಿ. ಅವರೆದುರಿಗೇ ಅವನ ಬಾಯಲ್ಲಿ ಕೇಳ್ಬೇಕು ನಾನು.”

ಅಕ್ಕ ಚಪ್ಪಲಿ ಮೆಟ್ಟಿಕೊಂಡು, ಬಿಚ್ಚಿದ ಪಟ್ಟಿಯನ್ನು ಗಾಜಿನ ಮೇಲೇ ಬಿಟ್ಟು, ತಮ್ಮನ ಮನೆಯ ಕಡೆ ನಡೆದಳು.