ಮಾಸದ ಚೌಕ

"ಹೂಂ" ಎಂದುಬಿಟ್ಟಿದ್ದ. ಯಾವುದಕ್ಕೆ ಎಂಬುದು ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಮರೆತೇಹೋಯಿತು. ಅವನು ಶೂ ಕಟ್ಟಿಕೊಳ್ಳುವಾಗ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಕೇಳಿದ್ದಳು. ಹಾಲಿನದೋ, ಪ್ಲಂಬರನದೋ ಇರಬೇಕು. ಇಷ್ಟು ವರ್ಷಗಳಲ್ಲಿ ಆ ಹೂಂ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆಫೀಸಿನ ಬಿಳಿ ಹಲಗೆಯ ಮುಂದೆ ಮಾತ್ರ ಅವನು ಪೂರ್ತಿ ಎಚ್ಚರದ ಮನುಷ್ಯ. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಕಟ್ಟುವುದು ಅವನ ಕೆಲಸ. ಪ್ರೋಗ್ರಾಮು ವೇಗವಾಗಿ ಓಡಲೆಂದು ಕಂಪೈಲರ್ 'ಇಲ್ಲಿ ಯಾವಾಗಲೂ ಸಂಖ್ಯೆಯೇ ಬರುತ್ತದೆ' ಎಂದು ನಂಬಿ ಒಳದಾರಿ ಹಿಡಿಯುತ್ತದೆ. ಆ ನಂಬಿಕೆ ಹುಸಿಯಾದರೆ ತಡೆದು, ನಿಧಾನದ ಹಳೆಯ ದಾರಿಗೆ ಮರಳಿಸುವ ಆದೇಶವೊಂದನ್ನು ಅವನು ರೂಪಿಸುತ್ತಿದ್ದ. ಬರಿಯ ತಪಾಸಣೆ ಸಾಲದು. ಆ ಗಳಿಗೆಯಲ್ಲಿ ಯಾವ ಮೌಲ್ಯ ಎಲ್ಲಿತ್ತೆಂಬುದನ್ನೂ ಅದು ಕಾಪಿಟ್ಟುಕೊಂಡಿರಬೇಕು.

"ಇಷ್ಟೊಂದು ಗಂಟುಮೂಟೆ ಯಾಕಪ್ಪಾ?" ಟೀಮಿನ ಹಿರಿಯಳು ಅವನಿಗೂ ಒಂದು ಲೋಟ ಚಹಾ ತಂದಿಟ್ಟು ನಕ್ಕಳು. "ಟೆಸ್ಟಲ್ಲಿ ಈ ಚೆಕ್ ಒಂದ್ಸಲಾನೂ ಫೇಲ್ ಆಗಿಲ್ಲ. ತೆಗೆದುಹಾಕು."

"ಫೇಲ್ ಆದ ದಿನ?"

"ಆ ದಿನ ನೋಡ್ಕೊಳ್ಳೋಣ."

"ಆಗ ನೋಡೋಕೆ ಏನಿರುತ್ತೆ ಮೇಡಂ? ವಾಪಸ್ ಹೋಗ್ಬೇಕಾದ್ರೆ ಏನೇನು ಎಲ್ಲೆಲ್ಲಿತ್ತು ಅಂತ ಗೊತ್ತಿರ್ಬೇಕಲ್ಲ."

"ಆಯ್ತು ಮಾರಾಯ, ನೀನೇ ಗೆದ್ದೆ. ಚಹಾ ಕುಡಿ."

ಚೆಕ್ ಉಳಿಯಿತು. ಚಹಾ ಆರಿತು.

ಸಂಜೆ ಮನೆಯೊಳಗೆ ಕಾಲಿಟ್ಟಾಗ ಅವನ ಹೆಜ್ಜೆಯ ಸದ್ದೇ ದೊಡ್ಡದಾಗಿ ಕೇಳಿಸಿತು. ಹೋದ ವರ್ಷ ತೀರಿಕೊಂಡ ಅಮ್ಮನ ಕೋಣೆ ಖಾಲಿಯಾಗಿತ್ತು. ಒರೆಸಿದ ನೆಲ ಇನ್ನೂ ಒದ್ದೆಯಾಗಿತ್ತು.

"ಅನಾಥಾಶ್ರಮದವ್ರು ಬಂದು ತಗೊಂಡು ಹೋದ್ರು," ಹೆಂಡತಿ ಮೆಲ್ಲಗೆ ಹೇಳಿದಳು. "ನೀವು ಎದುರಿಗಿದ್ರೆ ಸಂಕಟ ಪಡ್ತೀರಿ ಅಂತ ಬೇಗ ಮುಗಿಸ್ಬಿಟ್ಟೆ."

"ನನ್ನನ್ನ ಕೇಳ್ಬಾರ್ದಿತ್ತಾ?"

"ಕೇಳಿದ್ನಲ್ರೀ, ಬೆಳಿಗ್ಗೆ. ಅತ್ತೆ ಸಾಮಾನೆಲ್ಲ ಕೊಟ್ಬಿಡ್ಲಾ ಅಂತ. ಹೂಂ ಅಂದ್ರಿ."

ಅವಳು ಅವನ ಕೈಯಿಂದ ಬ್ಯಾಗು ತೆಗೆದುಕೊಂಡಳು.

"ಏನು ಬೇಕಿತ್ತು ಹೇಳಿ. ಈಗ್ಲೇ ಫೋನ್ ಮಾಡ್ತೀನಿ, ಪಾಪ, ವಾಪಸ್ ಕೊಡ್ತಾರೆ."

"ಮಂಚ..." ಎಂದ.

"ಮತ್ತೆ?"

ಕಿಟಕಿಯ ಹತ್ತಿರ ಇದ್ದದ್ದು ಕುರ್ಚಿಯೋ, ಪೆಟ್ಟಿಗೆಯೋ? ಮಾಸಿದ ಗೋಡೆಯಲ್ಲಿ ಒಂದು ಚೌಕ ಮಾತ್ರ ಬೆಳ್ಳಗೆ ಉಳಿದಿತ್ತು, ಅದರ ನೆತ್ತಿಯಲ್ಲಿ ಒಂದು ಮೊಳೆ. ಅಲ್ಲಿ ಏನು ತೂಗುತ್ತಿತ್ತು? ದಿನವೂ ಅವನು ಹಾದುಹೋಗುತ್ತಿದ್ದದ್ದು ಇದೇ ಬಾಗಿಲ ಮುಂದೆ.

"ನಿಧಾನವಾಗಿ ನೆನಪು ಮಾಡ್ಕೊಳ್ಳಿ," ಎಂದು ಅವಳು ಅಡುಗೆಮನೆಗೆ ಹೋದಳು.

ಅವನು ಆ ಚೌಕದ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು.

ಒಳಗಿನಿಂದ ಅವಳು ಏನೋ ಕೇಳಿದಳು.

"ಹೂಂ" ಎಂದ.

ಖಾಲಿ ಕೋಣೆ ಅದನ್ನೇ ಇನ್ನೊಮ್ಮೆ ಹೇಳಿತು.