ಏಳು ದಿನದ ಹೆಡ್‌ಫೋನ್

ಮಗ್ಗದ ಸಂದಿಗಳಲ್ಲಿ ಕೂತಿದ್ದ ಹತ್ತಿಯ ಧೂಳನ್ನು ಹಳೆಯ ಬ್ರಷ್ಷಿನಿಂದ ಕೆರೆದು ತೆಗೆಯುತ್ತಿದ್ದೆ. ಆಚೆ ಮಗ್ಗದ ಹತ್ತಿರ ಅಪ್ಪ ಗಾಲಿಗಳಿಗೆ ಎಣ್ಣೆ ಬಿಡುತ್ತಿದ್ದ. ಅವ್ವ ಕಿಟಕಿಯ ಕೆಳಗೆ ಕೂತು, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ಕೈರಾಟೆಯಿಂದ ನೂಲು ಸುತ್ತುತ್ತಿದ್ದಳು. ಮೂವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ತಿಂಗಳಿಗೊಮ್ಮೆ ಲೈನ್ ಕೆಲಸಕ್ಕೆಂದು ಬೆಳಗ್ಗೆ ಒಂಬತ್ತರಿಂದ ಎರಡರವರೆಗೆ ಕರೆಂಟು ತೆಗೆಯುತ್ತಾರೆ. ಸೇಲಂ ಕಡೆಯ ತಾರಮಂಗಲಂನಿಂದ ನಮ್ಮ ಊರಿಗೆ ಬರುವ ರಸ್ತೆಯುದ್ದಕ್ಕೂ ಆ ಐದು ಗಂಟೆ ಒಂದು ಮಗ್ಗವೂ ಓಡುವುದಿಲ್ಲ. ಆಗ ಮಾತಾಡಬಹುದು, ಆದರೆ ನಮಗೆ ಅಭ್ಯಾಸ ತಪ್ಪಿಹೋಗಿದೆ. ಮಗ್ಗ ಓಡುವಾಗ ಕೈಸನ್ನೆಯಲ್ಲಿ, ತುಟಿಯಲ್ಲಿ ಮಾತಾಡುತ್ತೇವೆ. ದೂರದಲ್ಲಿರುವವರನ್ನು ಕರೆಯಬೇಕಾದರೆ ಖಾಲಿ ಕಂಡಿಕೆಯೊಂದನ್ನು ಅವರ ಕಾಲ ಬಳಿಗೆ ಎಸೆಯುತ್ತೇವೆ. ಮನೆಯಲ್ಲಿ ಬಾಯಿ ಬಿಟ್ಟರೆ ಎಲ್ಲರದೂ ಕೂಗೇ. ನನ್ನನ್ನು ನೋಡಲು ಧರ್ಮಪುರಿಯಿಂದ ಬಂದಿದ್ದ ಗಂಡಿನ ಕಡೆಯವರು, ಅಪ್ಪ ಕಾಫಿ ತರಲು ಹೇಳಿದ್ದನ್ನು ಜಗಳವೆಂದು ತಿಳಿದು ಎದ್ದು ನಿಂತಿದ್ದರು. ನನಗೊಬ್ಬಳಿಗೆ ಆ ಕೂಗು ಬರಲಿಲ್ಲ. ನಾನು ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ. ಅದಕ್ಕೇ ಹೇಳುವುದಕ್ಕಿಂತ ನೋಡುವುದು ಹೆಚ್ಚಾಗಿದೆ.

ಹನ್ನೊಂದರ ಹೊತ್ತಿಗೆ ಚಿಕ್ಕಪ್ಪನ ಮಗಳು ಸಂಧ್ಯಾ ಬಂದಳು. ಅವಳು ಸೇಲಂನಲ್ಲಿ ಕಾಲೇಜಿಗೆ ಹೋಗುತ್ತಾಳೆ. ನಾನು ಒಂಬತ್ತನೆಯ ತರಗತಿಯ ಅರ್ಧದಲ್ಲಿ ಮಗ್ಗಕ್ಕೆ ಬಂದವಳು, ಆರು ವರ್ಷವಾಯಿತು. ಈ ಸಲ ಪ್ರೈವೇಟಾಗಿ ಹತ್ತನೆಯ ಪರೀಕ್ಷೆ ಬರೆಯಬೇಕೆಂಬ ಆಸೆಯನ್ನು ಅವಳೊಬ್ಬಳಿಗೆ ಹೇಳಿದ್ದೆ. ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಮಗ್ಗದ ಮುಂದೆ ನಿಲ್ಲುವವಳು ಯಾವಾಗ ಓದಬೇಕು? ಅದಕ್ಕೆ ಅವಳೇ ದಾರಿ ಹುಡುಕಿದಳು. ಪಾಠಗಳನ್ನು ತಮಿಳಿನಲ್ಲಿ ಓದಿ, ತೊಡಕಾದದ್ದನ್ನು ನಮ್ಮ ಮನೆಮಾತಾದ ಕನ್ನಡದಲ್ಲಿ ಬಿಡಿಸಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಅದನ್ನು ವೈರಿನ ಇಯರ್‌ಫೋನಿನಲ್ಲಿ ಕೇಳಿ ನೋಡಿದ್ದೆ. ಮಗ್ಗದ ಸದ್ದನ್ನು ಮೀರಿ ಕೇಳಬೇಕೆಂದರೆ ಸೌಂಡನ್ನು ತುದಿಯವರೆಗೆ ಏರಿಸಬೇಕು. ಸಂಜೆ ಊಟಕ್ಕೆ ಕೂತರೆ ಕಿವಿಯೊಳಗೆ ಜೀರುಂಡೆ ಕೂಗುತ್ತಿತ್ತು. ಒಂದು ದಿನ ವೈರು ಮಗ್ಗದ ಮೋಟಾರಿನ ಪಟ್ಟಿಗೆ ಸಿಕ್ಕಿ ಕತ್ತಿನ ಹತ್ತಿರ ಎಳೆದಾಗ ಅಪ್ಪ ಅದನ್ನು ಕಿತ್ತು ಹೊರಗೆ ಎಸೆದಿದ್ದ.

ಸಂಧ್ಯಾ ಚೀಲದಿಂದ ಕಪ್ಪು ಡಬ್ಬವೊಂದನ್ನು ತೆಗೆದಳು. ಒಳಗೆ ದಪ್ಪ ಹೆಡ್‌ಫೋನ್, ವೈರಿಲ್ಲ.

“ಸುತ್ತಲಿನ ಸೌಂಡ್ನ ಇದೇ ತಿಂದಾಕ್ತೈತೆ ಕಣೇ ಶಶಿ. ಏಳು ದಿನ ಟೈಮ್ ಐತೆ. ಸರಿ ಬರಲ್ಲಾಂದ್ರೆ ಭಾನುವಾರ ರಿಟರ್ನ್ ಆಕ್ಬುಡಾನಾ.”

ಅಪ್ಪ ಎಣ್ಣೆಯ ಕೈಯನ್ನು ಒರೆಸಿಕೊಂಡು ಬಂದು ಅದನ್ನು ತಾನೇ ಕಿವಿಗೆ ಇಟ್ಟುಕೊಂಡ. ಸ್ವಲ್ಪ ಹೊತ್ತು ನಿಂತು ನೋಡಿ, ತಿಂದುಹಾಕಲು ಈಗ ಇಲ್ಲಿ ಸದ್ದೇ ಇಲ್ಲವಲ್ಲ, ಪಾಪ ಇದು ಉಪವಾಸ ಎಂದ. ಸಂಧ್ಯಾ ನಕ್ಕಳು. ನಾನು ಹಾಕಿಕೊಂಡಾಗಲೂ ಏನೂ ಆಗಲಿಲ್ಲ. ಪಾಲಮಲೆ ಬೆಟ್ಟಕ್ಕೆ ಜೀಪಿನಲ್ಲಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಹಾಗೆ ಆಯಿತು, ಅಷ್ಟೇ.

ಎರಡು ಗಂಟೆಗೆ ಕರೆಂಟು ಬಂತು. ನಾಲ್ಕು ಮಗ್ಗಗಳೂ ಎದ್ದವು: ಅಪ್ಪನದು ಎರಡು, ಅವ್ವನದೊಂದು, ನನ್ನದೊಂದು. ನಾನು ಗುಂಡಿ ಒತ್ತಿದೆ. ಯಾರೋ ಶೆಡ್ಡಿನ ತಳದಿಂದ ದೊಡ್ಡ ಜಮಖಾನೆಯನ್ನು ಎಳೆದುಕೊಂಡು ಹೋದ ಹಾಗಾಯಿತು. ಮೋಟಾರಿನ ಆ ದಪ್ಪ ಮೊರೆತ, ಆರು ವರ್ಷ ನನ್ನ ಎದೆಯೊಳಗೆ ಕೂತಿದ್ದದ್ದು, ಇರಲಿಲ್ಲ. ಲಾಳಿಯ ಟಕಟಕ ಪೂರ್ತಿ ಹೋಗಲಿಲ್ಲ, ಪಕ್ಕದ ಬೀದಿಗೆ ಹೋಗಿ ನಿಂತಿತು. ಅದರ ಮಧ್ಯೆ ಸಂಧ್ಯಾಳ ದನಿ, ಸೌಂಡನ್ನು ಅರ್ಧಕ್ಕಿಂತ ಕಡಿಮೆ ಇಟ್ಟರೂ, ಬಾಗಿಲ ಹತ್ತಿರ ಕೂತು ಹೇಳಿದಂತೆ ಕೇಳಿತು. ಬೆಳಕು ಲೆನ್ಸಿನಲ್ಲಿ ಹೇಗೆ ಬಾಗುತ್ತದೆ ಎಂಬ ಪಾಠ. ನಾಲ್ಕು ಸಲ ಕೇಳಿದೆ. ಆ ರಾತ್ರಿ ಕಿವಿಯಲ್ಲಿ ಜೀರುಂಡೆ ಇರಲಿಲ್ಲ.

ಮಂಗಳವಾರ ಅದರ ಕೊರತೆಗಳು ಒಂದೊಂದಾಗಿ ಗೊತ್ತಾದವು. ನಮ್ಮ ಶೆಡ್ಡಿಗೆ ತಗಡಿನ ಮಾಡು. ಹತ್ತು ಗಂಟೆಗೇ ಕಿವಿಯ ಮೆತ್ತೆಯೊಳಗೆ ಬೆವರು ಇಳಿಯಿತು. ಅದಕ್ಕೆ ಹತ್ತಿಯ ಧೂಳು ಅಂಟಿ, ಸಂಜೆಗೆ ಎರಡು ಬೆಕ್ಕಿನ ಮರಿಗಳನ್ನು ಕಿವಿಗೆ ಕಟ್ಟಿಕೊಂಡಂತೆ ಕಾಣುತ್ತಿದ್ದೆನಂತೆ. ಪಟ್ಟಿ ನೆತ್ತಿಯನ್ನು ಒತ್ತುತ್ತದೆ, ಜಡೆಯನ್ನು ಮೇಲೆ ಕಟ್ಟುವಂತಿಲ್ಲ. ರಾತ್ರಿ ಚಾರ್ಜಿಗೆ ಹಾಕಲು ಮರೆತರೆ ಮರುದಿನ ಬರೀ ಭಾರ. ಇದು ಕಿವಿಯನ್ನು ಕಾಯುವ ಸಾಮಾನೆಂದು ನಂಬಬೇಡ, ಸದ್ದನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೇ ಎಂದು ಸಂಧ್ಯಾ ಫೋನಿನಲ್ಲಿ ಹೇಳಿದಳು. ನೂಲು ಕೊಡಲು ಬರುವ ಚಿನ್ನರಾಜಣ್ಣ ಎರಡು ಸಲ ಮಾತಾಡಿಸಿದನಂತೆ. ನಾನು ತಿರುಗಲಿಲ್ಲವೆಂದು, ಗೋವಿಂದರಾಜನ ಮಗಳಿಗೆ ಈಗ ದೊಡ್ಡಸ್ತಿಕೆ ಬಂದಿದೆ ಎಂದು ಬೀದಿಯಲ್ಲಿ ಹೇಳಿಕೊಂಡು ಹೋದ. ಇವನ್ನೆಲ್ಲ ನಾನು ಸಹಿಸಬಲ್ಲೆ ಅನ್ನಿಸಿತು.

ಸಹಿಸಲಾಗದ್ದು ಬುಧವಾರ ಬಂತು.

ಕಂಡಿಕೆಯ ನೂಲು ಮುಗಿದರೆ ಮಗ್ಗವನ್ನು ತಾನಾಗಿ ನಿಲ್ಲಿಸುವ ಕೊಕ್ಕೆಯೊಂದಿದೆ. ನನ್ನ ಮಗ್ಗದಲ್ಲಿ ಅದು ಸವೆದು ಹೋಗಿ ವರ್ಷವಾಗಿತ್ತು. ನಮಗೆ ಅದರ ನೆನಪೂ ಇರಲಿಲ್ಲ, ಏಕೆಂದರೆ ನೂಲಿಲ್ಲದ ಲಾಳಿಯ ಸದ್ದೇ ಬೇರೆ, ಒಣಗಿದ ಸದ್ದು. ಕೇಳಿದ ಕೂಡಲೇ ಕೈ ತಾನಾಗಿ ಮಗ್ಗ ನಿಲ್ಲಿಸುವ ಹಿಡಿಯ ಮೇಲೆ ಹೋಗುತ್ತದೆ. ಆವತ್ತು ನಾನು ಹಾಸಿನ ಉದ್ದ ನೂಲಿನಲ್ಲಿ ತುಂಡಾದ ಎಳೆಯೊಂದನ್ನು ಹುಡುಕುತ್ತಾ ಮಗ್ಗದ ಹಿಂಬದಿಯಲ್ಲಿದ್ದೆ. ಕಿವಿಯಲ್ಲಿ ಆಮ್ಲ, ಪ್ರತ್ಯಾಮ್ಲ ನಡೆಯುತ್ತಿತ್ತು. ತಲೆಯೆತ್ತಿದಾಗ ಅಪ್ಪ ಎದುರಿಗೆ ನಿಂತಿದ್ದ. ಮಗ್ಗ ನಿಂತಿತ್ತು. ನೇಯುತ್ತಿದ್ದ ಸೀರೆಯ ಮೈಯಲ್ಲಿ ಒಂದು ಗೇಣು ಅಗಲ ಅಡ್ಡ ನೂಲಿನ ಹೊಕ್ಕೇ ಇರಲಿಲ್ಲ. ಹಾಸಿನ ಎಳೆಗಳು ಮಾತ್ರ, ಕಿಟಕಿಯ ಸರಳುಗಳಂತೆ.

ಅಪ್ಪ ಬೈಯಲಿಲ್ಲ. ಹೆಡ್‌ಫೋನನ್ನು ನನ್ನ ತಲೆಯಿಂದ ತೆಗೆದು ಕೈಗೆ ಕೊಟ್ಟ.

“ಕಣ್ಣು ಒಂದ್ ಕಡೆ ನೋಡ್ತೈತೆ. ಮಿಕ್ಕಿದ್ನೆಲ್ಲಾ ಕಿವಿ ನೋಡ್ಬೇಕು. ಅದ್ನೇ ಮುಚ್ಕಂಡ್ರೆ ಎಂಗಮ್ಮಾ? ಭಾನುವಾರ ಇದ್ನ ಕೊಟ್ಕಳ್ಸು.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅಳು ಬಂತು. ಮಗ್ಗದ ಮುಂದಿನ ಹದಿನಾಲ್ಕು ಗಂಟೆ ಬಿಟ್ಟರೆ ನನಗೆ ಬೇರೆ ಶಾಲೆಯಿಲ್ಲ. ಹೆಡ್‌ಫೋನ್ ಹೋದರೆ ಪರೀಕ್ಷೆಯೂ ಹೋದಂತೆ. ಒಂದೂವರೆ ಗಂಟೆ ಕೂತು ಬಟ್ಟೆಯನ್ನು ಹಿಂದಕ್ಕೆ ಸುತ್ತಿ ಸರಿಮಾಡಿದೆ.

ಗುರುವಾರ ಬರಿಯ ಕಿವಿಯಲ್ಲಿ ನಿಂತೆ. ಮಾಡಲು ಬೇರೇನೂ ಇರಲಿಲ್ಲ, ಅವ್ವನನ್ನು ನೋಡುತ್ತಿದ್ದೆ. ಅವ್ವ ಮಗ್ಗಕ್ಕೆ ಬೆನ್ನು ಹಾಕಿ ಕಂಡಿಕೆಗಳನ್ನು ಆಯುತ್ತಿದ್ದಳು. ಸೊಂಟ ಮಾತ್ರ ಬಟ್ಟೆ ಸುತ್ತುವ ಮರಕ್ಕೆ ತಾಗಿತ್ತು. ಇದ್ದಕ್ಕಿದ್ದಂತೆ ತಿರುಗಿ ಮಗ್ಗ ನಿಲ್ಲಿಸಿದಳು. ಒಣಸದ್ದು ಇನ್ನೂ ಬಂದಿರಲಿಲ್ಲ! ಅವಳು ತೆಗೆದ ಕಂಡಿಕೆಯಲ್ಲಿ ಒಂದು ಮೊಳದಷ್ಟು ನೂಲು ಉಳಿದಿತ್ತು. ಮಧ್ಯಾಹ್ನದವರೆಗೆ ಲೆಕ್ಕವಿಟ್ಟು ನೋಡಿದೆ. ಪ್ರತಿ ಸಲವೂ ಹಾಗೆಯೇ. ಆಗ ಬೇರೆ ಸಂಗತಿಗಳೂ ನೆನಪಾದವು. ಅವ್ವ ಶೆಡ್ಡಿನಲ್ಲಿ ಚಪ್ಪಲಿ ಹಾಕುವುದಿಲ್ಲ. ಮಂಡಿನೋವಿಗೆಂದು ಅಪ್ಪ ಹಾಸಿದ ಗೋಣಿಯನ್ನು ಕಾಲಿನಿಂದಲೇ ಆಚೆ ತಳ್ಳುತ್ತಾಳೆ. ಪಕ್ಕದಿಂದ ಎಸೆದ ಕಂಡಿಕೆ ಕಾಲಿಗೆ ತಾಗಿದರೆ ಮಾತ್ರ ತಿರುಗುತ್ತಾಳೆ. ಊಟದ ಹೊತ್ತಿಗೆ ಮಗ್ಗಗಳು ನಿಂತಾಗ ಅವಳ ಬೆನ್ನ ಹಿಂದೆ ನಿಂತು ಎಣ್ಣೆ ಡಬ್ಬವನ್ನು ಕೈಬಿಟ್ಟೆ. ಅವ್ವ ತಿರುಗಲಿಲ್ಲ.

ಅಪ್ಪ ಕೈತೊಳೆಯಲು ಹೋದಾಗ ಅವ್ವನ ಎದುರಿಗೆ ಹೋಗಿ ಕೂತು, ನಿನಗೆ ಕಿವಿ ಕೇಳುವುದಿಲ್ಲವೇ ಎಂದು ಕೇಳಿದೆ. ಅವ್ವ ಮೊದಲು ಮುದ್ದೆಯನ್ನು ಸಾರಿನಲ್ಲಿ ಅದ್ದಿದಳು.

“ಕೇಳಲ್ಲ ಕಣೆ. ಎಂಟೊರ್ಸ ಆತು. ನಿಮ್ಮಪ್ಪಂಗೆ ಏಳ್ಬ್ಯಾಡ, ಮಗ್ಗ ಬುಡಿಸ್ಬುಡ್ತಾನೆ.”

ಅಷ್ಟು ವರ್ಷ ಅವಳು ನಮ್ಮ ತುಟಿಗಳನ್ನು ಓದುತ್ತಿದ್ದಳು. ನಾವು ಅದನ್ನು ಮಗ್ಗದವರ ಅಭ್ಯಾಸ ಅಂದುಕೊಂಡಿದ್ದೆವು. ಮೆಲ್ಲಗೆ ಮಾತಾಡುವ ನನ್ನ ಮಾತು ಮನೆಯಲ್ಲಿ ಅರ್ಥವಾಗುತ್ತಿದ್ದುದು ಅವಳೊಬ್ಬಳಿಗೇ. ಅದೇಕೆಂದು ಈಗ ತಿಳಿಯಿತು.

ಊಟವಾದ ಮೇಲೆ ಅವ್ವ ನನ್ನ ಮಗ್ಗವನ್ನು ತಾನೇ ಓಡಿಸಿ, ನನ್ನ ಅಂಗೈಯನ್ನು ಮುಂದಿನ ಮರದ ಮೇಲೆ ಒತ್ತಿ ಹಿಡಿದಳು. ತುಂಬಿದ ಕಂಡಿಕೆಯಿದ್ದಾಗ ಲಾಳಿ ಭಾರವಾಗಿ ಬಂದು ಬೀಳುತ್ತದೆ. ನೂಲು ಕರಗಿದಂತೆ ಅದು ಹಗುರಾಗುತ್ತದೆ. ಮರದ ನಡುಕ ತೆಳ್ಳಗಾಗುತ್ತದೆ. ಮೊದಲು ನನಗೆ ಎಲ್ಲವೂ ಒಂದೇ ನಡುಕ. ಹತ್ತು ಕಂಡಿಕೆ ಕಳೆದ ಮೇಲೆ ಎಲ್ಲೋ ಒಂದು ಎಳೆ ಬೇರೆಯಾದಂತೆ ಅನ್ನಿಸಿತು. ಚಪ್ಪಲಿ ಬಿಟ್ಟು ನಿಂತೆ. ಆಗ ಹಿಮ್ಮಡಿಗೂ ಗೊತ್ತಾಗತೊಡಗಿತು. ಸಂಜೆಯ ಹೊತ್ತಿಗೆ ಇನ್ನೊಂದು ವಿಷಯ ಹೊಳೆಯಿತು: ಕಿವಿಯಲ್ಲಿ ಆ ಮೊರೆತವಿದ್ದರೆ ಅಂಗೈ ಮಂಕಾಗುತ್ತದೆ. ಶುಕ್ರವಾರ ಅಪ್ಪ ನೂಲಿನ ಕೆಲಸಕ್ಕೆ ಹೋಗಿದ್ದಾಗ, ಪಾಠ ಹಾಕದೆ ಬರೀ ಹೆಡ್‌ಫೋನ್ ಹಾಕಿಕೊಂಡು ನಿಂತು ನೋಡಿದೆ. ನಡುಕ ಇನ್ನೂ ಸ್ಪಷ್ಟವಾಗಿ ಕೈಗೆ ಬಂತು. ಮಧ್ಯಾಹ್ನ ಪಾಠ ಹಾಕಿದೆ. ಎರಡು ಸಲ ತಪ್ಪಿತು. ಅವ್ವ ಖಾಲಿ ಕಂಡಿಕೆ ಎಸೆದು ಎಚ್ಚರಿಸಿದಳು. ಸಂಜೆ ಒಂದೂ ತಪ್ಪಲಿಲ್ಲ. ಒಂದು ಮಾತ್ರ ನನಗೆ ನಾನೇ ಹೇಳಿಕೊಂಡೆ: ಮಗ್ಗದ ಹಿಂಬದಿಗೆ ಹೋಗುವಾಗ ಅದನ್ನು ಕತ್ತಿಗೆ ಇಳಿಸಬೇಕು.

ಶನಿವಾರ ಅಪ್ಪ ಇದ್ದಾಗಲೇ ಹಾಕಿಕೊಂಡೆ. ಹೇಳಿ ಒಪ್ಪಿಸುವ ದನಿ ನನಗಿಲ್ಲ, ಮಾಡಿ ತೋರಿಸಬೇಕಷ್ಟೇ. ಹನ್ನೆರಡರ ಹೊತ್ತಿಗೆ ಅವನು ಬಂದು, ಕಂಡಿಕೆ ಬದಲಿಸುವುದನ್ನು ತಾನೇ ಮಾಡುತ್ತೇನೆಂದು ಸನ್ನೆ ಮಾಡಿದ. ಅವನು ಹಾಕಿದ್ದು ಅರೆಬರೆ ಸುತ್ತಿದ ಕಂಡಿಕೆಯೆಂದು ನನಗೆ ಕಾಣಲಿಲ್ಲ. ಆದರೆ ಎರಡೇ ನಿಮಿಷಕ್ಕೆ ಮರ ಹಗುರಾಯಿತು. ನಿಲ್ಲಿಸಿದೆ. ಅಪ್ಪ ಕಂಡಿಕೆ ತೆಗೆದು ಬೆಳಕಿಗೆ ಹಿಡಿದ. ಮೂರು ಸುತ್ತು ನೂಲಿತ್ತು. ಉಳಿದ ಮಗ್ಗಗಳನ್ನೂ ನಿಲ್ಲಿಸಿ ಬಂದು, ಇದನ್ನು ಯಾರು ಕಲಿಸಿದರೆಂದು ಕೇಳಿದ.

ಹೇಳಿದರೆ ಅವ್ವನ ಮಗ್ಗ ಹೋಗುತ್ತದೆ, ಹೇಳದಿದ್ದರೆ ನನ್ನ ಪರೀಕ್ಷೆ. ಅವ್ವ ಅವನ ತುಟಿಯನ್ನು ಓದಿರಬೇಕು.

“ನಾನೇ. ನಂಗೆ ಕಿವಿ ಓಗಿ ಎಂಟೊರ್ಸ ಆತು. ಏನೀಗ?”

ಅಪ್ಪ ಕಂಡಿಕೆಯನ್ನು ಕೈಯಲ್ಲೇ ಹೊರಳಿಸಿದ.

“ಎಂಟೊರ್ಸದಿಂದ ಮುಂದ್ಕೆ ಬಂದ್ ನಿಂತ್ಕಂಡೇ ನಿನ್ ತಾವ ಮಾತಾಡ್ತಾ ಇವ್ನಿ. ನಂಗೊತ್ತಿಲ್ವಾ?” ಎಂದ. ನನ್ನ ಕಡೆ ಕೈ ತೋರಿಸಿ, “ನಿಂದು ಮೂವತ್ತೊರ್ಸದ ಕೈ ಅಂತಿದ್ದೆ. ಇವ್ಳು ಮೂರು ದಿನಕ್ಕೆ ಕಲ್ತವ್ಳಲ್ಲಾ,” ಎಂದ.

ಅವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಅಪ್ಪ ಸವೆದ ಕೊಕ್ಕೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಮುಂದಿನ ವಾರ ಹೊಸದು ತರುತ್ತಾನಂತೆ. ಕೈ ಮರೆತ ದಿನಕ್ಕೆ ಅದೂ ಒಂದಿರಲಿ ಎಂದ. ಹೆಡ್‌ಫೋನಿನ ವಿಷಯ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಸಂಧ್ಯಾ ಬಂದು, ರಿಟರ್ನ್ ಮಾಡುವುದಾದರೆ ಡಬ್ಬ ಬೇಕು ಎಂದಳು. ಎಲ್ಲೆಡೆ ಹುಡುಕಿದೆವು. ಕೊನೆಗೆ ಅದು ಅಪ್ಪನ ಮಗ್ಗದ ಪಕ್ಕದ ಗೂಡಿನಲ್ಲಿ ಸಿಕ್ಕಿತು. ಒಳಗೆ ಸುತ್ತಿದ ಕಂಡಿಕೆಗಳು ಸಾಲಾಗಿ ಮಲಗಿದ್ದವು, ಅಳತೆ ನೋಡಿಯೇ ಮಾಡಿಸಿದ ಡಬ್ಬದಂತೆ. ಸಂಧ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪರೀಕ್ಷೆಯ ಫಾರಂ ಕೊಡಲು ನಾಳೆಯೇ ಸೇಲಂಗೆ ಬಾ ಎಂದು ನನಗೆ ಹೇಳಿ, ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು.

ನಾನು ಅವಳನ್ನು ಬಸ್ಸು ಹತ್ತಿಸಿ ಬಂದೆ. ಬರುವಾಗ ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ತಲೆಯ ಮೇಲೆ ನನ್ನ ಹೆಡ್‌ಫೋನ್, ಕಣ್ಣು ಮುಚ್ಚಿತ್ತು. ಆಚೆ ಮನೆಯ ಮಗ್ಗಗಳು ಭಾನುವಾರವೂ ಓಡುತ್ತಿದ್ದವು. ಅವನಿಗೆ ಅವು ಕೇಳುತ್ತಿರಲಿಲ್ಲವೇನೋ, ಮುಖದ ಗೆರೆಗಳೆಲ್ಲ ಸಡಿಲವಾಗಿದ್ದವು. ಅವ್ವ ಪಕ್ಕದಲ್ಲಿ ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿಸದಿದ್ದರೆ ಮತ್ತೆ ಹೇಳಿದರಾಯಿತು ಎಂದುಕೊಂಡು ಮೆಟ್ಟಿಲ ಮೇಲೆ ನಿಂತು, ನನಗಿರುವ ದನಿಯಲ್ಲೇ ಕೇಳಿದೆ.

“ಅಪ್ಪಾ, ಅವ್ವನ್ನೂ ಕರ್ಕಂಡ್ ನಾಳೆ ಸೇಲಂಗೆ ಓಗ್ಬರ್ತೀನಿ. ನನ್ ಫಾರಂ ಕೊಡ್ಬೇಕು, ಅವ್ವನ ಕಿವಿ ತೋರಿಸ್ಬೇಕು. ಒಂದಿನ ನಮ್ ಮಗ್ಗಾನೂ ನೀನೇ ನೋಡ್ಕಳಪ್ಪಾ.”