ಸುಣ್ಣದ ಬಳ್ಳಿ

ಏಣಿಯ ಮೇಲೆ ನಿಂತು ಶ್ರೀವತ್ಸ ಗೋಡೆಯಂಚಿಗೆ ಗಾರೆಯಲ್ಲಿ ಮೂಡಿಸಿದ ಅಲಂಕಾರದ ಬಳ್ಳಿಯನ್ನು ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು. ಸುಣ್ಣ. ಸಿಮೆಂಟಾಗಿದ್ದರೆ ಉಗುರೇ ಸವೆಯುತ್ತಿತ್ತು. ಹಾಗಾದರೆ ಗೋಡೆ ಬ್ರಿಟಿಷರ ಕಾಲದ್ದು. ಉಳಿಯುತ್ತದೆ.

ದಿಲ್ಲಿಯ ಸಿವಿಲ್ ಲೈನ್ಸ್‌ನಲ್ಲಿ ಸಾಹೇಬರಿಗಾಗಿ ಹೆಗಲಿಗೆ ಹೆಗಲು ಒತ್ತಿ ಕಟ್ಟಿದ ಆರು ಮನೆ. ಈಗ ಇಪ್ಪತ್ತೆರಡು ಫ್ಲ್ಯಾಟು. ಒಬ್ಬರ ಅಡುಗೆಮನೆಯಲ್ಲಿ ಅರ್ಧ ಕಮಾನು, ಪಕ್ಕದವರ ಬಚ್ಚಲಲ್ಲಿ ಇನ್ನರ್ಧ. ಕೊಂಡ ಕಂಪನಿ ಹೋಟೆಲ್ ಮಾಡಲಿದೆ. ಸಾಹೇಬರು ಹೋದ ಮೇಲೆ ಎಬ್ಬಿಸಿದ ಗೋಡೆಗಳು ಬೀಳಬೇಕು, ಅವುಗಳ ಹಿಂದೆ ಬದುಕುವವರು ಹೊರಡಬೇಕು. ಯಾವುದು ಹಳೆಯದು, ಯಾವುದು ಆಮೇಲಿನದು ಎಂದು ಗುರುತು ಹಾಕುವ ಆರ್ಕಿಟೆಕ್ಟ್ ಶ್ರೀವತ್ಸ.

“ಚಾಯ್ ಲೇಂಗೇ, ಸರ್?” ಕೆಳಗಿನಿಂದ ಸ್ಫೂರ್ತಿ ಕೇಳಿದಳು. ಈ ಫ್ಲ್ಯಾಟಿನ ಕಾಲೇಜು ಹುಡುಗಿ.

“ನಹೀಂ.”

“ಬೇಡ್ವಂತಾ?” ಒಲೆಯ ಬಳಿಯಿಂದ ಅವಳ ತಾಯಿ ಪದ್ಮಾ ಕನ್ನಡದಲ್ಲಿ ಕೇಳಿದಳು. “ಮುಖ ನೋಡೇ, ಮೂರು ದಿನದಿಂದ ಉಂಡಿಲ್ಲದ ಹಾಗಿದೆ.”

“ಮಮ್ಮೀ, ಚುಪ್!” ಮಗಳು ನಕ್ಕಳು.

ಶ್ರೀವತ್ಸ ಟೇಪು ಎಳೆದ. ಮುಖದಲ್ಲಿ ಏನೂ ಕದಲಲಿಲ್ಲ. ದಿಲ್ಲಿಯಲ್ಲಿ ಕನ್ನಡ ಆಡುವುದನ್ನು ಬಿಟ್ಟು ನಾಲ್ಕು ವರ್ಷ. ಊರು ಯಾವುದು ಎಂದು ಶುರುವಾದದ್ದು ಉಪಕಾರ ಕೇಳುವುದರಲ್ಲೇ ಮುಗಿಯುತ್ತದೆ. ಕಾರ್ಡಿನಲ್ಲೂ ಈಗ ಬರೀ ‘ವತ್ಸ್’.

“ಏನಂತೆ? ಹಳೇದು ಅಂದ್ನಾ?”

“ಪತಾ ನಹೀಂ. ಅಂತಾರೆ ಅನ್ಸುತ್ತೆ.”

“ಅನ್ನಲೇಬೇಕು. ನಿಮ್ಮಪ್ಪ ಈ ಗೋಡೆ ಕಟ್ಟಿಸುವಾಗ ಮೇಸ್ತ್ರಿ ಪಕ್ಕದಲ್ಲೇ ನಿಂತು ಎಲೆ ಎಲೆ ತಿದ್ದಿಸಿದ್ರು. ಸಿಮೆಂಟು ಬೇಡ, ಸುಣ್ಣಾನೇ ಅರೀರಿ, ಇಲ್ದಿದ್ರೆ ತೇಪೆ ಹಾಕಿದ ಹಾಗಾಗುತ್ತೆ ಅಂತ. ನೀನಾಗ ಹೊಟ್ಟೇಲಿದ್ದೆ.” ಪದ್ಮಾ ದನಿ ತಗ್ಗಿಸಲೂ ಇಲ್ಲ. “ಬಾಯಿ ಬಿಟ್ಟೀಯ, ಹುಷಾರು. ಈ ಮನೆ ಬಿಟ್ರೆ ನಮಗೆ ಮೆಟ್ರೋ ಸ್ಟೇಷನ್ನೇ ಗತಿ.”

ಶ್ರೀವತ್ಸ ಬಳ್ಳಿಯನ್ನು ಮತ್ತೆ ನೋಡಿದ. ಸಾಹೇಬರ ಬಳ್ಳಿಗಿಂತ ಇದೇ ಒಂದು ಕೈ ಮೇಲು.

ವತ್ಸ್‌ಗೆ ಕನ್ನಡ ಬಾರದು. ವತ್ಸ್‌ಗೆ ಏನೂ ಕೇಳಿಸಿಲ್ಲ. ಆದರೂ ಹೆಬ್ಬೆರಳು ಫೋನಿನಲ್ಲಿ ‘ಆಮೇಲಿನದು’ ಎಂಬುದನ್ನು ಒತ್ತಿತು. ಸತ್ಯವೇ ತಾನೇ ಎಂದುಕೊಂಡ. ಏಣಿ ಇಳಿದ.

“ಹಮಾರೀ ದೀವಾರ್, ಸರ್?” ಸ್ಫೂರ್ತಿ ಗೋಡೆಯತ್ತ ಕೈ ತೋರಿಸಿದಳು.

“ರಿಪೋರ್ಟ್ ಆಯೇಗೀ.”

ಪದ್ಮಾ ಬಂದು ಅವನ ಕೈಗೆ ಎರಡು ಕೊಡುಬಳೆ ತುರುಕಿದಳು. “ತಿನ್ನೋಕೆ ಹೇಳೇ, ಪಾಪ. ಒಳ್ಳೆಯವನು.”

ಅವನು ಸರಸರನೆ ಎತ್ತರದ ತೇಗದ ಬಾಗಿಲತ್ತ ನಡೆದ. ಬಂದದ್ದು ಒಲೆಯ ಪಕ್ಕದ ತಗಡಿನ ಬಾಗಿಲಿನಿಂದ ಎನ್ನುವುದು ಮರೆತೇ ಹೋಗಿತ್ತು. ಹಿಡಿಗೆ ಕೈ ಹಾಕಿದ.

“ಅಯ್ಯೋ, ಅದರ ಹಿಂದೆ ಗೋಡೆ ಅಂತ ಹೇಳೇ ಅವನಿಗೆ!”

ಕೈ ತಾನಾಗಿ ನಿಂತಿತು.

ಸ್ಫೂರ್ತಿ ಹಿಂದಿಯಲ್ಲಿ ಇನ್ನೂ ಏನೂ ಹೇಳಿರಲಿಲ್ಲ. ಬೆನ್ನ ಹಿಂದೆ ಒಗ್ಗರಣೆ ಮಾತ್ರ ಚಟಪಟ ಎನ್ನುತ್ತಿತ್ತು.

ಶ್ರೀವತ್ಸ ಬಾಗಿಲು ಎಳೆದ. ಗೇಣು ದೂರದಲ್ಲಿ ಗಾರೆ ಕಾಣದ ಇಟ್ಟಿಗೆ. ಒಳಕ್ಕೆ ಹೆಜ್ಜೆ ಇಟ್ಟು, ಮೂಗು ತಾಗುವಷ್ಟು ಹತ್ತಿರ ನಿಂತ. ಅದಕ್ಕೆಂದೇ ಬಾಗಿಲು ತೆರೆದವನಂತೆ ಅವನು ಟೇಪು ಬಿಚ್ಚಿ, ಆ ಇಟ್ಟಿಗೆಗಳನ್ನು ಒಂದೊಂದಾಗಿ ಅಳೆಯತೊಡಗಿದ.